ಗಿಡ ಬಿಟ್ಟು ಬಂದ ಬಣ್ಣ

ಮುಂಗಾರು ಹಿಡಿದು ಕೆಲವು ವಾರ ಕಳೆಯಿತೆಂದರೆ ನಮ್ಮ ಚಿತ್ರದುರ್ಗದ ಕಡೆಯ ಜಾಲಿ ಗಿಡಗಳಿಗೆ ಜೀರಂಗಿ ಎಂಬ ದುಂಬಿ ಬರುತ್ತದೆ. ಕೆಲವು ಊರುಗಳಲ್ಲಿ ಇದನ್ನೇ ಜೀರ್ಜಿಂಬೆ ಎನ್ನುತ್ತಾರೆ. ತಲೆ ಮತ್ತು ಕತ್ತಿನ ಭಾಗ ಹಸಿರು ಗಾಜನ್ನು ಕುಟ್ಟಿ ಅಂಟಿಸಿದ ಹಾಗೆ ಗುಳಿಗುಳಿಯಾಗಿ ಹೊಳೆಯುತ್ತದೆ. ಬೆನ್ನ ಮೇಲಿನ ಗಟ್ಟಿ ರೆಕ್ಕೆಗಳದು ಹುಣಸೆ ಬೀಜದ ಕಂದು. ಬಿಸಿಲಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಹಸಿರಿನ ಒಳಗಿನಿಂದ ತಾಮ್ರದ ಬಣ್ಣ ಎದ್ದು ಬರುತ್ತದೆ. ಚಿಕ್ಕಂದಿನಲ್ಲಿ ನಾವು ಇದನ್ನು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವು. ಕತ್ತಿಗೆ ನೂಲು ಕಟ್ಟಿ ಹಾರಿಸಿ, ಅದರ ರೆಕ್ಕೆಯ ಸದ್ದಿಗೆ ಕಿವಿಕೊಡುತ್ತಿದ್ದೆವು. ಪೊಟ್ಟಣದಲ್ಲಿ ಮೊಟ್ಟೆ ಇಟ್ಟಿತೆಂದರೆ ಇಡೀ ಓಣಿಗೆ ಸುದ್ದಿ. ನೂಲಿನ ಆಟದಲ್ಲಿ ಎಷ್ಟು ಜೀವ ಹೋಯಿತೋ ಎಂದು ಈಗ ನೆನೆದರೆ ಸಂಕಟವಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ಪೊಟ್ಟಣದೊಳಗೆ ಜಾಲಿ ಸೊಪ್ಪು ಹಾಕದೆ ಜೀರಂಗಿ ಇಟ್ಟುಕೊಂಡ ಹುಡುಗನನ್ನು ನಾನು ನೋಡಿಲ್ಲ. ಅದು ಏನು ತಿನ್ನುತ್ತದೆ, ಯಾವ ಗಿಡಕ್ಕೆ ಬರುತ್ತದೆ, ಯಾವ ಮಳೆಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಜಾಲಿಯ ಮುಳ್ಳು ಗೀರಿಸಿಕೊಳ್ಳದೆ ಆ ಬಣ್ಣ ಕೈಗೆ ಸಿಗುತ್ತಿರಲಿಲ್ಲ.

ಇತ್ತೀಚೆಗೆ ದಾವಣಗೆರೆಯ ನೆಂಟರೊಬ್ಬರ ಮನೆಗೆ ಹೋಗಿದ್ದಾಗ ನಡುಮನೆಯ ಗೋಡೆಯಲ್ಲಿ ಗಾಜಿನ ಚೌಕಟ್ಟೊಂದು ಕಣ್ಣಿಗೆ ಬಿತ್ತು. ಒಳಗೆ ಅಂಗೈಯಗಲದ ನೀಲಿ ಚಿಟ್ಟೆ. ದಕ್ಷಿಣ ಅಮೆರಿಕದ ಮಾರ್ಫೊ. ಮಗ ಮೊಬೈಲಿನಲ್ಲಿ ನೋಡಿ ತರಿಸಿದ್ದ. ನಡೆದು ಬಂದ ಹಾಗೆ ಆ ನೀಲಿ ಒಮ್ಮೆ ಹೊತ್ತಿಕೊಳ್ಳುತ್ತಿತ್ತು, ಒಮ್ಮೆ ಕಪ್ಪಾಗುತ್ತಿತ್ತು. ಚೆಲುವಿನ ಮಾತು ಬಂದರೆ ಅದನ್ನು ಅಲ್ಲಗಳೆಯುವುದು ಸುಳ್ಳಾಗುತ್ತದೆ. ನಾನು ಬಹಳ ಹೊತ್ತು ಅದರ ಎದುರಿಗೇ ನಿಂತಿದ್ದೆ. ಆಮೇಲೆ ಅನುಮತಿ ಕೇಳಿ ಚೌಕಟ್ಟನ್ನು ತಿರುಗಿಸಿ ನೋಡಿದೆ. ಹಿಂದೆ ಬೆಲೆಯ ಚೀಟಿ ಇತ್ತು, ನಿಜವಾದ ಚಿಟ್ಟೆ ಎಂಬ ಭರವಸೆ ಇತ್ತು. ಯಾವ ದೇಶ, ಯಾವ ಕಾಡು, ಯಾವ ತಿಂಗಳು, ಹಿಡಿದದ್ದೋ ಸಾಕಿದ್ದೋ ಎಂಬುದರ ಒಂದಕ್ಷರವೂ ಇರಲಿಲ್ಲ.

ಅಪರೂಪದ ಕೀಟಗಳನ್ನು ಹಿಡಿದು, ಕೊಂಡು, ಇಟ್ಟುಕೊಳ್ಳುವ ಮೋಹ ಸರಿಯೋ ತಪ್ಪೋ ಎಂದು ಇಂದು ನಡೆಯುತ್ತಿರುವ ಚರ್ಚೆಯನ್ನು ನಾನು ನೋಡುವುದು ಆ ಬೆಂಕಿಪೊಟ್ಟಣಕ್ಕೂ ಈ ಚೌಕಟ್ಟಿಗೂ ನಡುವಿನ ಅಂತರದಲ್ಲಿ. ಮೋಹ ತಪ್ಪಲ್ಲ. ಕೀಟವನ್ನು ಅದರ ಗಿಡದಿಂದ ಬಿಡಿಸಿ ನೋಡುವ ಅಭ್ಯಾಸ ತಪ್ಪು. ಮಾರುಕಟ್ಟೆ ಈ ತಪ್ಪು ಮಾಡುತ್ತದೆ, ಕಾನೂನೂ ಮಾಡುತ್ತದೆ, ಎಷ್ಟೋ ಸಲ ಸಂರಕ್ಷಣೆಯ ಹೆಸರಿನಲ್ಲೂ ಇದೇ ನಡೆಯುತ್ತದೆ.

ಈ ವ್ಯಾಪಾರ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ 2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ನಡೆದ ಪ್ರಕರಣ ನೋಡಿ. ಹತ್ತೊಂಬತ್ತು ವರ್ಷದ ಇಬ್ಬರು ಬೆಲ್ಜಿಯಂ ಹುಡುಗರ ಬಳಿ ಸುಮಾರು 5,000 ಇರುವೆಗಳು ಸಿಕ್ಕವು. ಎರಡು ಸಾವಿರಕ್ಕೂ ಹೆಚ್ಚು ಕೊಳವೆಗಳಲ್ಲಿ, ತಿಂಗಳುಗಟ್ಟಲೆ ಬದುಕಿರಲೆಂದು ಹತ್ತಿ ತುಂಬಿ ಜೋಡಿಸಿದ್ದರು. ಹುಲ್ಲಿನ ಬೀಜ ಹೊತ್ತು ಸಂಗ್ರಹಿಸುವ ದೊಡ್ಡ ಜಾತಿಯ ಇರುವೆ ಅದು. ಗಾಜಿನ ಪೆಟ್ಟಿಗೆಯಲ್ಲಿ ಇರುವೆ ಗೂಡು ಸಾಕುವ ಹವ್ಯಾಸಿಗಳು ಯುರೋಪಿನಲ್ಲಿ ಅದರ ಒಂದು ರಾಣಿಗೆ ನೂರು ಡಾಲರಿಗಿಂತ ಹೆಚ್ಚು ಕೊಡುತ್ತಾರೆ. ನ್ಯಾಯಾಲಯ ಇಬ್ಬರಿಗೂ ತಲಾ ಸುಮಾರು 7,700 ಡಾಲರ್ ದಂಡ ಅಥವಾ ಒಂದು ವರ್ಷದ ಜೈಲು ಎಂದು ತೀರ್ಪು ಕೊಟ್ಟಿತು. ಆನೆಯ ದಂತ, ಘೇಂಡಾಮೃಗದ ಕೊಂಬು ಹಿಡಿದು ಅಭ್ಯಾಸವಾಗಿದ್ದ ದೇಶ ಇರುವೆಯ ಕಳ್ಳಸಾಗಣೆಗೆ ಶಿಕ್ಷೆ ಕೊಟ್ಟದ್ದು ಸಣ್ಣ ಮಾತಲ್ಲ. ಒಂದು ರಾಣಿ ಹೋದರೆ ಮುಂದೆ ಹುಟ್ಟಬೇಕಿದ್ದ ಒಂದು ಗೂಡೇ ಹೋಯಿತು. ಅಲ್ಲಿ ಹುಲ್ಲಿನ ಬೀಜವನ್ನು ಅತ್ತಿಂದಿತ್ತ ಹೊರುವವರೂ ಹೋದರು.

ಜಪಾನಿನಲ್ಲಿ ಈ ಹುಚ್ಚು ಹಳೆಯದು. ಉದ್ದ ಕೋರೆಯ ದುಂಬಿಯೊಂದು 1999ರಲ್ಲಿ ಟೋಕಿಯೊದಲ್ಲಿ ಸುಮಾರು ಒಂದು ಕೋಟಿ ಯೆನ್‌ಗೆ ಮಾರಾಟವಾಗಿತ್ತು.

ಆದರೆ ಎಲ್ಲ ಕೀಟಕ್ಕೂ ಈ ಬೆಲೆ ಇಲ್ಲ. ಅಲಂಕಾರದ ಪೇಟೆಯಲ್ಲಿ ಏನಿದೆ, ಏನಿಲ್ಲ ಎಂದು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ದುಂಬಿಗಳು ಮತ್ತು ಚಿಟ್ಟೆಗಳು ಧಾರಾಳವಾಗಿವೆ. ಕೊಡತಿ ಕೀಟಗಳು, ನಮ್ಮ ಕೆರೆ ಅಂಚಿನಲ್ಲಿ ಹೆಲಿಕಾಪ್ಟರ್ ಎಂದು ಮಕ್ಕಳು ಕರೆಯುವ ಅವೇ, ಕಡಿಮೆ. ಕಂಬಳಿಹುಳು ಇಲ್ಲವೇ ಇಲ್ಲ. ಜೀವಂತವಾಗಿದ್ದಾಗ ಕೊಡತಿ ಕೀಟದ ಕೆಂಪು ನೀಲಿಗಳು ಚಿಟ್ಟೆಯ ಬಣ್ಣಕ್ಕೆ ಸೋಲುವಂಥವಲ್ಲ. ಸತ್ತ ಮೇಲೆ ಮಾತ್ರ ಬೇಗ ಮಂಕಾಗುತ್ತವೆ. ಕಂಬಳಿಹುಳು ಒಣಗಿ ಮುದುಡುತ್ತದೆ. ಜೀರಂಗಿಯ ಹಸಿರು ಹಾಗಲ್ಲ. ಅದು ಬಳಿದ ಬಣ್ಣವಲ್ಲ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಬೆಳಕು ಅವುಗಳಿಂದ ಪುಟಿದು ಬರುವಾಗ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಯುತ್ತವೆ. ಮಾರ್ಫೊದ ನೀಲಿಯೂ ಇದೇ ಬಗೆಯದು. ಅದರ ರೆಕ್ಕೆಯ ಪುಡಿಯಂಥ ಹುರುಪೆಗಳಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ, ಏಣುಗಳ ಕಟ್ಟಡವಷ್ಟೇ ಇದೆ. ಆ ಕಟ್ಟಡ ಕುಸಿಯದಿರುವ ತನಕ ಬಣ್ಣ ಇರುತ್ತದೆ. ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ. ನಾವು ಯಾವ ಕೀಟವನ್ನು ಅಪರೂಪ ಎನ್ನುತ್ತೇವೆ, ಯಾವುದನ್ನು ಕೊಳ್ಳುತ್ತೇವೆ ಎಂಬುದನ್ನು ನಿರ್ಧರಿಸುತ್ತಿರುವುದರಲ್ಲಿ ದೊಡ್ಡ ಪಾಲು ಇದರದೇ: ಸಾವಿನ ಆಚೆಗೂ ಉಳಿಯುವ ಬಣ್ಣ.

ಕಲೆಯ ಇತಿಹಾಸ ಇದಕ್ಕೆ ಸಾಕ್ಷಿ ಹೇಳುತ್ತದೆ. ಜಪಾನಿನ ಹೊರ್ಯೂಜಿ ಮಠದಲ್ಲಿರುವ ಏಳನೆಯ ಶತಮಾನದ ಪುಟ್ಟ ಗುಡಿಯೊಂದನ್ನು ರೆಕ್ಕೆಯೂ ಹೊಳೆಯುವ ಇಂಥ ದುಂಬಿಯ ರೆಕ್ಕೆಗಳಿಂದ ಸಿಂಗರಿಸಿದ್ದರು. ನಮ್ಮ ದೇಶದಲ್ಲಿ ಮೊಗಲರ ಕಾಲದ ಉಡುಪುಗಳಿಗೆ ಈ ರೆಕ್ಕೆಗಳನ್ನು ಹೊಲಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್, ಹೈದರಾಬಾದ್‌ಗಳ ಕಸೂತಿಗಾರರು ತೆಳು ಬಟ್ಟೆಯ ಮೇಲೆ ಜರಿಯ ಜೊತೆ ಜೀರಂಗಿ ಬಗೆಯ ದುಂಬಿಗಳ ಹಸಿರು ರೆಕ್ಕೆ ಕೂರಿಸಿ ಬ್ರಿಟಿಷರಿಗೆ ಮಾರುತ್ತಿದ್ದರು. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ ಅವರ ಪತ್ನಿ ಉಟ್ಟ ನವಿಲುಗರಿಯ ವಿನ್ಯಾಸದ ಗೌನಿನಲ್ಲಿ ಪ್ರತಿ ಗರಿಯ ಕಣ್ಣೂ ಒಂದು ದುಂಬಿಯ ರೆಕ್ಕೆ. ನಟಿ ಎಲೆನ್ ಟೆರಿ 1888ರಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪಿನಲ್ಲಿ ಸುಮಾರು ಸಾವಿರ ರೆಕ್ಕೆಗಳಿದ್ದವು. ನೂರಿಪ್ಪತ್ತು ವರ್ಷಗಳ ನಂತರ ಅದನ್ನು ದುರಸ್ತಿ ಮಾಡಿದವರಿಗೆ ಬಟ್ಟೆ ಜೀರ್ಣವಾಗಿ ಸಿಕ್ಕಿತು, ರೆಕ್ಕೆಗಳ ಹೊಳಪು ಹಾಗೇ ಇತ್ತು. ಬೆಲ್ಜಿಯಂನ ಕಲಾವಿದ ಯಾನ್ ಫಾಬ್ರ್ 2002ರಲ್ಲಿ ಬ್ರಸೆಲ್ಸ್ ಅರಮನೆಯ ಸಭಾಂಗಣದ ಮಾಳಿಗೆಗೆ ಹತ್ತು ಲಕ್ಷಕ್ಕೂ ಹೆಚ್ಚು ರೆಕ್ಕೆಗಳನ್ನು ಅಂಟಿಸಿದರು. ಪ್ರೌಢ ಜೀರಂಗಿ ಬದುಕುವುದು ಕೆಲವೇ ವಾರ. ಆದ್ದರಿಂದ ಕಾಡಿನಲ್ಲಿ ತಾನಾಗಿ ಸತ್ತದ್ದನ್ನು ಹೆಕ್ಕಿದರೆ ಕಲೆಗೂ ಪಾಪವಿಲ್ಲ ಎಂಬ ವಾದ ಇದೆ. ಆ ವಾದದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ಆದರೆ 2012ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಮಂದಿರದಲ್ಲಿ ಡೇಮಿಯನ್ ಹರ್ಸ್ಟ್ ಕಿಟಕಿ ಇಲ್ಲದ ಕೋಣೆಯಲ್ಲಿ ಜೀವಂತ ಚಿಟ್ಟೆಗಳನ್ನು ಬಿಟ್ಟು ಪ್ರದರ್ಶನ ಮಾಡಿದಾಗ, ಇಪ್ಪತ್ಮೂರು ವಾರಗಳಲ್ಲಿ 9,000ಕ್ಕೂ ಹೆಚ್ಚು ಚಿಟ್ಟೆಗಳು ಸತ್ತವೆಂದು ವರದಿಯಾಯಿತು. ಅದಕ್ಕೆ ಯಾವ ವಾದವೂ ನನಗೆ ಸಮಾಧಾನ ಕೊಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ತುಳಿದ ಕಲಾವಿದೆ ಮರಿಯಾ ಸಿಬಿಲ್ಲಾ ಮೆರಿಯನ್. 1699ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮಗಳೊಂದಿಗೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಎರಡು ವರ್ಷ ಅಲ್ಲಿದ್ದು ಹುಳುಗಳನ್ನು ಸಾಕಿ, ಬದಲಾಗುವುದನ್ನು ಕಾದು ಕುಳಿತು ಬರೆದಳು. 1705ರಲ್ಲಿ ಪ್ರಕಟವಾದ ಅವಳ ಚಿತ್ರಗಳಲ್ಲಿ ಚಿಟ್ಟೆ ಒಂಟಿಯಾಗಿ ಇರುವುದಿಲ್ಲ. ಮೊಟ್ಟೆ, ಹುಳು, ಕೋಶ, ಚಿಟ್ಟೆ, ಇವೆಲ್ಲ ಸಾಮಾನ್ಯವಾಗಿ ಹುಳು ತಿನ್ನುವ ಗಿಡದ ಮೇಲೆಯೇ ಇರುತ್ತವೆ. ಕಡಿದು ತೂತಾದ ಎಲೆಯನ್ನೂ ಅವಳು ಬಿಡಲಿಲ್ಲ. ಕಂಬಳಿಹುಳು ಸತ್ತರೆ ಬಣ್ಣವೂ ಇಲ್ಲ, ಆಕಾರವೂ ಇಲ್ಲ. ಬದುಕಿದ್ದಾಗಲೇ ನೋಡಬೇಕು, ಬದುಕಿರಬೇಕಾದರೆ ಸೊಪ್ಪು ಬೇಕು. ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜು ಇದೆ. ಅಲ್ಲಿನ ಮಕ್ಕಳಿಗೆ ಹೇಳುವ ಅವಕಾಶ ಸಿಕ್ಕರೆ ಸತ್ತ ಮಾರ್ಫೊ ಬಿಟ್ಟು ಹಿತ್ತಿಲ ಕರಿಬೇವಿನ ಗಿಡದ ಮುಂದೆ ಒಂದು ವಾರ ಕೂರಿ ಎನ್ನುತ್ತೇನೆ.

ಕರಿಬೇವಿನ ಗಿಡದ ಮಾತನ್ನು ಸುಮ್ಮನೆ ಎತ್ತಲಿಲ್ಲ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಮಚ್ಚೆಯಾಗಿ ಕೂತಿರುವ ಪುಟ್ಟ ಹುಳುವನ್ನು ಒಗ್ಗರಣೆಗೆ ಸೊಪ್ಪು ಕೀಳುವ ಎಲ್ಲರೂ ನೋಡಿರುತ್ತಾರೆ. ಸಾಮಾನ್ಯವಾಗಿ ಚಿವುಟಿ ಎಸೆಯುತ್ತಾರೆ. ಬಿಟ್ಟರೆ ಅದು ದೊಡ್ಡದಾಗಿ ಎಲೆಯ ಹಸಿರಿಗೆ ತಿರುಗುತ್ತದೆ. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕವಲಾದ ಕೆಂಪು ಕೊಂಬು ಹೊರಚಾಚಿ ಕಟುವಾದ ವಾಸನೆ ಬಿಡುತ್ತದೆ. ಕಡೆಗೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯಾಗುತ್ತದೆ. ಇದರ ಹೆಣ್ಣುಗಳು ಒಂದೇ ವೇಷದಲ್ಲಿ ಇರುವುದಿಲ್ಲ. ಕೆಲವು ಗಂಡಿನಂತೆಯೇ ಇರುತ್ತವೆ. ಕೆಲವು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನದು. ಆ ಎರಡು ಚಿಟ್ಟೆಗಳು ವಿಷದವು, ಹಕ್ಕಿಗಳು ಮುಟ್ಟುವುದಿಲ್ಲ. ಆ ಹೆದರಿಕೆಯ ನೆರಳಿನಲ್ಲಿ ವಿಷವಿಲ್ಲದ ಈ ಹೆಣ್ಣು ಬದುಕಿಕೊಳ್ಳುತ್ತದೆ. ಈ ವೇಷಾಂತರವನ್ನು ನಡೆಸುವುದು ಒಂದೇ ಒಂದು ಜೀನ್ ಎಂದು ಚಿಟ್ಟೆಗಳ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ದಾವಣಗೆರೆಯ ಹಿತ್ತಿಲಿನಲ್ಲಿ ಸಿಗುವ ಅಪರೂಪ ಇದು.

ವಿಷ ಎಲ್ಲಿಂದ ಬಂತು? ಈಶ್ವರಿ ಬಳ್ಳಿಯಿಂದ. ಕ್ರಿಮ್ಸನ್ ರೋಸ್‌ನ ಹುಳು ಆ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಕುಲದ ಬಳ್ಳಿಗಳನ್ನು ನಂಬಿದೆ, ಅದರ ನೆಲೆ ಮಾತ್ರ ಮಲೆನಾಡು. ಇಲ್ಲಿ ಕಾನೂನಿನ ಕುರುಡು ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕ್ರಿಮ್ಸನ್ ರೋಸ್ ಹುಲಿ ಇದ್ದ ಮೊದಲನೆಯ ಪಟ್ಟಿಯಲ್ಲೇ ಸ್ಥಾನ ಪಡೆದಿತ್ತು. 2022ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಪಟ್ಟಿಗಳು ಮರುಜೋಡಣೆಗೊಂಡು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಳಿವಿನ ಅಪಾಯದ ಜೀವಿಗಳ ಮಾರಾಟವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಲ್ಲಿರುವ ವಿದೇಶಿ ಜೀವಿಗಳಿಗೂ ಒಂದು ಪಟ್ಟಿ ಬಂತು. ಚೌಕಟ್ಟಿನ ಚಿಟ್ಟೆ ತರಿಸುವವರು ಇದನ್ನು ತಿಳಿದಿರಬೇಕು. ಬರ್ಡ್‌ವಿಂಗ್ ಗುಂಪಿನ ಚಿಟ್ಟೆಗಳೆಲ್ಲ ಆ ಒಪ್ಪಂದದ ಅಡಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಇದೆಲ್ಲ ಬೇಕಾದದ್ದೇ. ಆದರೆ ಚಿಟ್ಟೆಯ ಹೆಸರು ಪಟ್ಟಿಯಲ್ಲಿದ್ದು, ಬೇಲಿಯಲ್ಲಿ ಹಬ್ಬಿದ ಬಳ್ಳಿಯನ್ನು ಜೆಸಿಬಿ ಕಿತ್ತು ಹಾಕಿದರೆ ಪಟ್ಟಿಯಿಂದ ಚಿಟ್ಟೆ ಹುಟ್ಟುವುದಿಲ್ಲ.

ಸಂಗ್ರಾಹಕರನ್ನು ಕಳ್ಳರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನು ಸೇರಲಾರೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್ ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದು 1,25,000ಕ್ಕೂ ಹೆಚ್ಚು ಮಾದರಿಗಳನ್ನು ಕೂಡಿಸಿದ. ಅವುಗಳಲ್ಲಿ 83,000 ದುಂಬಿಗಳೇ. ಖರ್ಚಿಗಾಗಿ ಅವುಗಳಲ್ಲಿ ಎಷ್ಟನ್ನೋ ಲಂಡನ್ನಿನಲ್ಲಿ ಮಾರಿಸಿದ. 1859ರಲ್ಲಿ ಬಚಾನ್ ದ್ವೀಪದಲ್ಲಿ ಚಿನ್ನದ ಬಣ್ಣದ ಬರ್ಡ್‌ವಿಂಗ್ ಬಲೆಗೆ ಬಿದ್ದಾಗ ಎದೆ ಹೊಡೆದುಕೊಂಡು, ರಕ್ತ ತಲೆಗೇರಿ, ಆ ದಿನವೆಲ್ಲ ಅವನಿಗೆ ತಲೆನೋವು. ಮೋಹ ಎಂದರೆ ಅದು. ಆದರೆ ಅವನು ಯಾವ ಮಾದರಿ ಯಾವ ದ್ವೀಪದ್ದು ಎಂದು ಬರೆದಿಟ್ಟ. ಆ ಚೀಟಿಗಳು ಇಲ್ಲದಿದ್ದರೆ ಏಷ್ಯಾದ ಜೀವಿಗಳಿಗೂ ಆಸ್ಟ್ರೇಲಿಯಾದ ಜೀವಿಗಳಿಗೂ ನಡುವೆ ಅವನು ಎಳೆದ ಗೆರೆ ಇರುತ್ತಿರಲಿಲ್ಲ. ಚೀಟಿ ಇದ್ದರೆ ಸತ್ತ ಕೀಟ ಸಾಕ್ಷಿಯಾಗುತ್ತದೆ, ಇಲ್ಲದಿದ್ದರೆ ಸಾಮಾನು. ನಮ್ಮ ದೇಶದಲ್ಲೂ ಸಂಶೋಧನೆಗೂ ಕಳ್ಳತನಕ್ಕೂ ನಡುವಿನ ಗೆರೆಯ ಸುತ್ತ ಜಗಳವಾಗಿದೆ. 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಕೀಟ ಹಿಡಿದ ಇಬ್ಬರು ಚೆಕ್ ಪ್ರಜೆಗಳ ಮೇಲೆ ಮೊಕದ್ದಮೆ ನಡೆದು, ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಮೂರು ವರ್ಷ ಜೈಲು ಎಂದಾಯಿತು. ವಿಜ್ಞಾನಕ್ಕೆ ಕೈಕೋಳ ಎಂದು ಹಲವು ದೇಶಗಳ ಸಂಶೋಧಕರು ಪ್ರತಿಭಟಿಸಿದರು. ಅನುಮತಿ ಪಡೆಯುವುದು ಎಷ್ಟೇ ಕಷ್ಟವಾಗಿರಲಿ, ಕೇಳದೆ ತೆಗೆದುಕೊಂಡು ಹೋಗುವುದನ್ನು ಸಂಶೋಧನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಬಲೆಯೊಂದನ್ನೇ ದೂರಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಲಾರ್ಜ್ ಬ್ಲೂ ಚಿಟ್ಟೆಯ ಕತೆಯನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ಕೇಳಬೇಕು. ಸಂಗ್ರಾಹಕರು ಅದನ್ನು ಮುಗಿಸುತ್ತಿದ್ದಾರೆ ಎಂದು ಭಾವಿಸಿ 1930ರ ದಶಕದಲ್ಲಿ ಅದರ ಒಂದು ನೆಲೆಗೆ ಬೇಲಿ ಹಾಕಿದರು. ಸಂಗ್ರಾಹಕರು ಹೊರಗುಳಿದರು, ಮೇಯುವ ದನಕುರಿಗಳೂ ಹೊರಗುಳಿದವು. ಚಿಟ್ಟೆ ಅಲ್ಲಿಂದಲೂ ಮಾಯವಾಯಿತು. 1979ರ ಹೊತ್ತಿಗೆ ಬ್ರಿಟನ್ನಿನಲ್ಲೇ ಅದು ಇಲ್ಲವಾಯಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಕಾರಣ ಹುಡುಕಿದರು. ಈ ಚಿಟ್ಟೆಯ ಹುಳು ಒಂದು ಜಾತಿಯ ಕೆಂಪು ಇರುವೆಯ ಗೂಡಿನಲ್ಲಿ ಬೆಳೆಯುತ್ತದೆ. ಆ ಇರುವೆಗೆ ಬಿಸಿಲು ತಾಗಿ ಬೆಚ್ಚಗಿರುವ ನೆಲ ಬೇಕು. ಹುಲ್ಲು ಗಿಡ್ಡಗಿದ್ದರೆ ಮಾತ್ರ ನೆಲಕ್ಕೆ ಬಿಸಿಲು. ಮೇಯಿಸುವುದು ನಿಂತಿತು, ಮೊಲಗಳು ರೋಗಕ್ಕೆ ಸತ್ತವು, ಹುಲ್ಲು ಎತ್ತರವಾಯಿತು, ಇರುವೆ ಹೋಯಿತು, ಚಿಟ್ಟೆ ಹೋಯಿತು. ಇದು ತಿಳಿದ ಮೇಲೆ ಮೇಯಿಸುವುದನ್ನು ಮತ್ತೆ ಆರಂಭಿಸಿ, ಸ್ವೀಡನ್ನಿನಿಂದ ಚಿಟ್ಟೆ ತಂದು ಬಿಟ್ಟರು. ಈಗ ಅಲ್ಲಿ ಅದು ಹಾರಾಡುತ್ತಿದೆ.

ಪಪುವಾ ನ್ಯೂಗಿನಿಯಲ್ಲೂ ಇಂಥದೇ ಪಾಠ. ಜಗತ್ತಿನ ಅತಿ ದೊಡ್ಡ ಚಿಟ್ಟೆ ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್ ಅಲ್ಲಿಯದು. ಹೆಣ್ಣಿನ ರೆಕ್ಕೆ ಬಿಚ್ಚಿದರೆ 25 ಸೆಂಟಿಮೀಟರಿಗೂ ಹೆಚ್ಚು. 1906ರಲ್ಲಿ ಅದರ ಮೊದಲ ಮಾದರಿಯನ್ನು ಬಂದೂಕಿನಿಂದ ಹೊಡೆದು ಕೆಡವಿದ್ದರು. ಅದರ ವ್ಯಾಪಾರಕ್ಕೆ ಪೂರ್ತಿ ನಿಷೇಧವಿದೆ. ಆದರೂ ಅದರ ನೆಲ ಕುಗ್ಗಿದ್ದು 1951ರ ಜ್ವಾಲಾಮುಖಿಯಿಂದ, ಆಮೇಲೆ ತಾಳೆ ಎಣ್ಣೆಯ ತೋಟಗಳಿಂದ. ಅದೇ ದೇಶದ ರೈತರು 1970ರ ದಶಕದಿಂದ ನಿಷೇಧವಿಲ್ಲದ ಬರ್ಡ್‌ವಿಂಗ್‌ಗಳಿಗೆ ಬೇಕಾದ ಬಳ್ಳಿಯನ್ನು ತೋಟದಲ್ಲಿ ಬೆಳೆಸಿ, ಬಂದ ಕೋಶಗಳಲ್ಲಿ ಒಂದಿಷ್ಟನ್ನು ಹಾರಲು ಬಿಟ್ಟು ಉಳಿದದ್ದನ್ನು ಮಾರುತ್ತಾರೆ. ಬಳ್ಳಿ ಉಳಿದರೆ ದುಡ್ಡು ಬರುತ್ತದೆ ಎಂದಾಗ ಬಳ್ಳಿಯನ್ನು ಯಾರೂ ಕಡಿಯುವುದಿಲ್ಲ. ಚೌಕಟ್ಟಿನ ಚಿಟ್ಟೆಯೆಲ್ಲ ಪಾಪದ ಚಿಟ್ಟೆಯಲ್ಲ. ಯಾವ ತೋಟದ್ದು ಎಂಬ ಚೀಟಿಯನ್ನು ಕೊಳ್ಳುವವರು ಕೇಳಬೇಕು. ಚೀಟಿ ಇಲ್ಲದಿದ್ದರೆ ಬೇಡ ಎನ್ನಬೇಕು.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಚಿತ್ರದುರ್ಗ ಜಿಲ್ಲೆಯ ನೆಲವನ್ನು ಕಾಗದದಲ್ಲಿ ಬೀಳು, ಕುರುಚಲು, ಬಂಜರು ಎಂದು ಬರೆಯುವುದು ರೂಢಿ. ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿ, ಕುದಾಪುರದ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನ ಮೇಯುತ್ತ ಬಂದ ಹುಲ್ಲುಗಾವಲುಗಳು. ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಗಿ ಗೋಡೆ ಎದ್ದಾಗ ಆ ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆಗ ಕೃಷ್ಣಮೃಗದ ಮಾತು ಬಂತು, ಕುರಿಗಾಹಿಗಳ ಮಾತು ಬಂತು. ಸಗಣಿ ಉಂಡೆ ಉರುಳಿಸುವ ದುಂಬಿಯ ಮಾತು ದೊಡ್ಡದಾಗಿ ಕೇಳಲಿಲ್ಲ. ದನ ಮೇಯದ ನೆಲದಲ್ಲಿ ಸಗಣಿ ಇಲ್ಲ, ಸಗಣಿ ಇಲ್ಲದ ನೆಲದಲ್ಲಿ ಆ ದುಂಬಿಗೆ ಮನೆ ಇಲ್ಲ. ಇಂಗ್ಲೆಂಡಿನ ಬೇಲಿಯ ಕತೆ ಓದುವಾಗಲೆಲ್ಲ ನನಗೆ ಈ ಗೋಡೆಗಳು ಕಣ್ಣ ಮುಂದೆ ಬರುತ್ತವೆ. ಬಲೆ ಹಿಡಿದವನು ಹತ್ತು ಚಿಟ್ಟೆ ಒಯ್ದಾನು. ನೆಲ ಬದಲಾದರೆ ಹೆಸರಿಲ್ಲದವೂ ಸೇರಿ ಎಲ್ಲವೂ ಹೋಗುತ್ತವೆ, ಯಾರ ಮೇಲೂ ಮೊಕದ್ದಮೆ ಇರುವುದಿಲ್ಲ.

ಈ ಬೀಳುಗಳಲ್ಲಿ ಏನಿದೆ ಎಂದು ಕೇಳುವವರನ್ನು ಚಂದ್ರವಳ್ಳಿಯ ದಾರಿಯ ಎಕ್ಕದ ಗಿಡದ ಮುಂದೆ ನಿಲ್ಲಿಸಬೇಕು. ರಥಸಪ್ತಮಿಗೆ ತಲೆ ಭುಜಗಳ ಮೇಲೆ ಎಲೆ ಇಟ್ಟುಕೊಂಡು ಮೀಯುತ್ತೇವಲ್ಲ, ಅದೇ ಎಕ್ಕ. ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಾಣುತ್ತದೆ. ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು. ಅದು ಎಲೆಯನ್ನು ಸೀದಾ ತಿನ್ನಲು ಹೋಗುವುದಿಲ್ಲ. ಮೊದಲು ದುಂಡಗೆ ಒಂದು ಕಂದಕ ಕೊರೆಯುತ್ತದೆ. ಹಾಲು ಅಲ್ಲಿಯೇ ಸೋರಿ ನಿಲ್ಲುತ್ತದೆ. ಆಮೇಲೆ ಕಂದಕದ ಒಳಗಿನ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ಹಾಗಿದ್ದೂ ಗಿಡದ ವಿಷವನ್ನು ಒಂದಿಷ್ಟು ಮೈಗೂಡಿಸಿಕೊಂಡು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯಾಗುತ್ತದೆ. ಈಜಿಪ್ಟಿನ ಲಕ್ಸರ್‌ನಲ್ಲಿ ಸುಮಾರು 3,500 ವರ್ಷಗಳ ಹಿಂದಿನ ಗೋಡೆ ಚಿತ್ರದಲ್ಲಿ ಇರುವುದು ಇದೇ ಚಿಟ್ಟೆ. ಮನುಷ್ಯ ಬರೆದ ಅತಿ ಹಳೆಯ ಚಿಟ್ಟೆಗಳಲ್ಲಿ ಒಂದು. ಆ ಚಿತ್ರಕಾರನಿಗೆ ಬೇಕೆನಿಸಿದ ಚಿಟ್ಟೆಯನ್ನು ನಾವು ಬಸ್‌ ನಿಲ್ದಾಣದ ಪಕ್ಕದ ಪಾಳು ಜಾಗದಲ್ಲಿ ದಿನವೂ ದಾಟಿ ಹೋಗುತ್ತೇವೆ.

ಕಳೆದ ಮಳೆಗಾಲದಲ್ಲಿ ಊರಿನ ಹೊಲದ ಬದುವಿನಲ್ಲಿ ಉಳಿದಿರುವ ಒಂದು ಕರಿಜಾಲಿಯ ಕೆಳಗೆ ಕೂತಿದ್ದೆ. ಒದ್ದೆ ಮಣ್ಣಿನಲ್ಲಿ ಏನೋ ಹೊಳೆಯಿತು. ಜೀರಂಗಿಯ ಕತ್ತಿನ ಚಿಪ್ಪು. ಒಳಗಿನದನ್ನು ಇರುವೆಗಳು ಆಗಲೇ ಸಾಗಿಸಿದ್ದವು. ಹಗುರವಾಗಿ, ಖಾಲಿಯಾಗಿ, ನಾನು ಏಳು ವರ್ಷದವನಾಗಿದ್ದಾಗ ಕಂಡ ಅದೇ ಹಸಿರು. ತಲೆ ಎತ್ತಿ ಕೊಂಬೆಗಳಲ್ಲಿ ಹುಡುಕಿದೆ. ಇನ್ನೆರಡು ಸೊಪ್ಪು ಕಡಿಯುತ್ತ ಕೂತಿದ್ದವು. ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಖಾಲಿ ಬೆಂಕಿಪೊಟ್ಟಣವೊಂದರಲ್ಲಿ ಇಟ್ಟು, ಮೇಲೆ ಚೀಟಿ ಅಂಟಿಸಿ ಬರೆದೆ: ಹೊಲದ ಬದು, ಆಗಸ್ಟ್, ಕರಿಜಾಲಿ.